ಪವರ್ ತಗ್ಗಿಸಿದ ಮಾತ್ರಕ್ಕೆ

ಗದ್ದೆಗಳಲ್ಲಿ ನೀರಿನ ಮಟ್ಟ ಅಳೆಯುವ ವೈರ್‌ಲೆಸ್ ಸೆನ್ಸರ್ ನೆಡುವ ಮಾತು ಬಂದಾಗ ಎಂಜಿನಿಯರುಗಳು ಇಂದಿಗೂ ನೆನೆಯುವುದು 2006ರಲ್ಲಿ ಶಾನ್ ಲಿನ್ ಮತ್ತು ಸಂಗಡಿಗರು ಮಂಡಿಸಿದ ಎಟಿಪಿಸಿ (ಅಡಾಪ್ಟಿವ್ ಟ್ರಾನ್ಸ್‌ಮಿಷನ್ ಪವರ್ ಕಂಟ್ರೋಲ್) ಪ್ರಬಂಧವನ್ನು. ಪ್ರತಿ ನೋಡ್, ಅಂದರೆ ರೇಡಿಯೊ ಇರುವ ಸೆನ್ಸರ್ ಘಟಕ, ತನ್ನ ಒಂದೊಂದು ನೆರೆಯ ನೋಡ್‌ಗೂ ಬೇಕಾದಷ್ಟೇ ಪವರ್ ಬಳಸಲಿ, ಸಿಗ್ನಲ್ ಕುಗ್ಗಿದರೆ ಏರಿಸಲಿ, ಚೆನ್ನಾಗಿದ್ದರೆ ಇಳಿಸಲಿ ಎಂಬುದು ಅದರ ತಿರುಳು. ಲಿಂಕಿನ ಗುಣಮಟ್ಟ ಜಾಗಕ್ಕೆ ತಕ್ಕಂತೆ, ಹೊತ್ತಿಗೆ ತಕ್ಕಂತೆ ಬದಲಾಗುತ್ತದೆಂದು ಅಳೆದು ತೋರಿಸಿದ್ದು ಅದರ ದೊಡ್ಡ ಗುಣ. ಆ ಮಟ್ಟಿಗೆ ತಕರಾರಿಲ್ಲ.

ತಕರಾರು ಇರುವುದು ಲೆಕ್ಕದಲ್ಲಿ. ಪೂರ್ತಿ ಪವರ್‌ಗೆ ಬೇಕಾಗುವ ಪ್ರಸಾರಶಕ್ತಿಯಲ್ಲಿ ಶೇ 53.6ರಷ್ಟೇ ಸಾಕಾಯಿತು ಎನ್ನುತ್ತದೆ ಪ್ರಬಂಧ. ಅಲ್ಲಿ ಬಳಸಿದ ಮೈಕಾ-ಝಡ್ ನೋಡಿನ ಸಿಸಿ2420 ರೇಡಿಯೊ ಚಿಪ್ಪನ್ನೇ ನೋಡಿ: ಪೂರ್ತಿ ಪವರ್‌ನಲ್ಲಿ, ಅಂದರೆ 1 ಮಿಲಿವ್ಯಾಟ್‌ನಲ್ಲಿ, ಕಳಿಸುವಾಗ ಅದು ಎಳೆಯುವುದು 17.4 ಮಿಲಿಆಂಪ್. ಪವರ್ ಮುನ್ನೂರು ಪಟ್ಟು ಇಳಿಸಿದರೂ 8.5. ಸುಮ್ಮನೆ ಕಿವಿಗೊಟ್ಟು ಕೂತರೆ 18.8! ಮಾತಿಗಿಂತ ಕೇಳುವುದೇ ದುಬಾರಿ. ರೇಡಿಯೊ ಎಷ್ಟು ಹೊತ್ತು ಮಲಗಿರುತ್ತದೆ ಎಂಬುದರ ಮುಂದೆ ಪ್ರಸಾರದ ಉಳಿತಾಯ ಚಿಲ್ಲರೆ.

ಎರಡನೆಯ ತಕರಾರು ನೆಲದ್ದು. ಎಟಿಪಿಸಿ ಅಳತೆ ನಡೆದದ್ದು ಪಾರ್ಕಿಂಗ್ ಜಾಗ, ಹುಲ್ಲುಮೈದಾನ, ಕಟ್ಟಡದ ಕಾರಿಡಾರಿನಲ್ಲಿ. ಸಿಂಧನೂರು ಸೀಮೆಯ ಗೊರೇಬಾಳದ ಭತ್ತಕ್ಕೆ ಈ ಮೂರೂ ಹೋಲುವುದಿಲ್ಲ. ನಾಟಿಯ ದಿನ ನಿಂತ ನೀರಿನ ಮೇಲೆ ಬರೀ ಬಯಲು. ತೆನೆ ಬರುವ ಹೊತ್ತಿಗೆ ಸೊಂಟದುದ್ದ ಹಸಿ ಪೈರು. ರೇಡಿಯೊ ಅಲೆಗೆ ನೇರ ಗೆರೆಯಷ್ಟೇ ಸಾಲದು. 2.4 ಗಿಗಾಹರ್ಟ್ಸ್‌ನಲ್ಲಿ ನೂರು ಮೀಟರ್ ಅಂತರದ ನಡುಮಧ್ಯೆ ಗೆರೆಯ ಸುತ್ತ ಸುಮಾರು 1.75 ಮೀಟರ್ ಜಾಗದ ಬಹುಪಾಲು ತೆರವಿರಬೇಕು. ಬದುವಿನ ಮೇಲೆ ಮೊಳದೆತ್ತರಕ್ಕೆ ಆಂಟೆನಾ ನಿಲ್ಲಿಸಿದರೆ ಪೈರು ಬೆಳೆದಂತೆ ಪವರ್ ಗರಿಷ್ಠಕ್ಕೆ ಮುಟ್ಟುತ್ತದೆ. ಆಮೇಲೆ ಏರಿಸಲು ಏನೂ ಉಳಿಯದು.

ಐಐಎಸ್ಸಿ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ಸೇರಿ ಪಾವಗಡದ ಚೆನ್ನಕೇಶವಪುರದಲ್ಲಿ ನಡೆಸಿದ ಕಾಮನ್-ಸೆನ್ಸ್ ನೆಟ್ ಎಂಬ ಸೆನ್ಸರ್ ಯೋಜನೆ ಈ ವಿಷಯದಲ್ಲಿ ನನಗೆ ಹೆಚ್ಚು ಮೆಚ್ಚುಗೆ. ಅದು ಲ್ಯಾಬ್ ಬಿಟ್ಟು ಮಳೆಯಾಶ್ರಿತ ಹೊಲಕ್ಕಿಳಿಯಿತು. ಆದರೆ ಅದು ಒಣಬೇಸಾಯದ ಸೀಮೆ. ಭತ್ತದ ಗದ್ದೆಯ ಪಾಡು ಬೇರೆ.

ತುಂಗಭದ್ರಾ ಎಡದಂಡೆ ನಾಲೆಯ 69ನೇ ಮೈಲಿನಲ್ಲಿ ನೀರಿನ ಗೇಜ್ ಎಷ್ಟಿದೆ ಎಂಬುದಕ್ಕೇ ಕೊನೆ ಭಾಗದ ರೈತರು ಹೋರಾಡುವ ನಾಡಿದು. ಇಲ್ಲಿ ರೀಡಿಂಗ್ ತಪ್ಪಬಾರದು. ಹಾಗಾಗಿ ಮೊದಲ ಖರ್ಚು ಪೈರಿಗಿಂತ ಎತ್ತರದ ಕಂಬಕ್ಕೆ, ಎರಡನೆಯದು ರೇಡಿಯೊ ನಿದ್ದೆಯ ವೇಳಾಪಟ್ಟಿಗೆ. ಪವರ್ ಹೊಂದಾಣಿಕೆ ಅದಾದ ಮೇಲೆ ಬರಲಿ, ಅದೂ ನಾಟಿಯಿಂದ ಕೊಯ್ಲಿನವರೆಗೆ ಒಂದೇ ಗದ್ದೆಯಲ್ಲಿ ಅಳೆದ ಅಂಕಿಗಳೊಂದಿಗೆ.