ಅಂಗೈ ಇಂಜಿನ್ ನೋಡುವ ಬಗೆ

ಮಾದರಿ ಡೀಸೆಲ್ ಇಂಜಿನ್ನಿನ ರುಚಿ ಹತ್ತಬೇಕಾದರೆ ಮೊದಲು ನಿಜವಾದ್ದನ್ನು ಕಣ್ತುಂಬ ನೋಡಿರಬೇಕು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯವರಿಗೆ ಊರಲ್ಲೇ ಸ್ಟೇಷನ್ನಿದೆ. ಕೂಡ್ಲಿಗಿ, ಹಡಗಲಿಯವರು ಬಸ್ಸು ಹತ್ತಬೇಕು, ಪಾಪ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಕಣ್ಣಿಗೆ ಬಿದ್ದರೆ ಬಿಡಬೇಡಿ: 4000 ಅಶ್ವಶಕ್ತಿ, 126 ಟನ್ ತೂಕ, ಆರು ಆಕ್ಸಲ್.

ಇದನ್ನೇ ಎಚ್‌ಒ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದಾಗ ಕೆಲವು ಸುಳ್ಳುಗಳನ್ನು ಹೇಳಲೇಬೇಕಾಗುತ್ತದೆ. ಗುಡಿಯ ಮೂಲ ವಿಗ್ರಹ ಕೂತಲ್ಲೇ ಇರುತ್ತದೆ, ಉತ್ಸವಮೂರ್ತಿ ಬೀದಿ ಸುತ್ತಬೇಕು. ಮಾದರಿ ಇಂಜಿನ್ನಿನದೂ ಬೀದಿ ಸುತ್ತುವ ಪಾಡೇ. ಮನೆಯೊಳಗೆ ಹಾಕುವ 457 ಮಿ.ಮೀ. ತ್ರಿಜ್ಯದ ತಿರುವನ್ನು ಹಿಗ್ಗಿಸಿದರೆ 40 ಮೀಟರ್. ನಮ್ಮ ಬ್ರಾಡ್‌ಗೇಜಿನಲ್ಲಿ 175 ಮೀಟರಿಗಿಂತ ಬಿಗಿಯಾದ ತಿರುವು ಇಡುವುದಿಲ್ಲ. ಅದಕ್ಕೇ ಮಾದರಿಯಲ್ಲಿ ಚಕ್ರದ ಅಂಚು ಎತ್ತರ, ಕೊಂಡಿ ದೊಡ್ಡದು, ಮುಂದಿನ ಕ್ಯಾಟಲ್ ಗಾರ್ಡ್ ಅಲ್ಲಲ್ಲಿ ಕತ್ತರಿಸಿದ್ದು. ಇವನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಿ.

ಹಳಿಯ ಅಗಲದಲ್ಲಿ ನಮಗೆ ಇನ್ನೊಂದು ತಾಪತ್ರಯ. ಎಚ್‌ಒ ಹಳಿ 16.5 ಮಿ.ಮೀ.; ಅದು ಹೊರದೇಶಗಳ 1435 ಮಿ.ಮೀ. ಗೇಜಿಗೆ ಸರಿ. ನಮ್ಮ 1676ಕ್ಕೆ 19.3 ಬೇಕಿತ್ತು. ಎದುರಿನಿಂದ ನೋಡಿದರೆ ಮೈ ಅಗಲ, ಕಾಲು ಇಕ್ಕಟ್ಟು. ತಮಾಷೆಯೆಂದರೆ, ಹೊಸಪೇಟೆ–ಕೊಟ್ಟೂರು ಹಳೆಯ ಮೀಟರ್‌ಗೇಜಿಗಾದರೆ 11.5 ಸಾಕು, 12 ಮಿ.ಮೀ. ಹಳಿ ಸಿಗುತ್ತದೆ!

ತೂಕದ ಲೆಕ್ಕವಂತೂ ತಲೆಕೆಳಗು. 126 ಟನ್ನನ್ನು 87ರಿಂದ ಮೂರು ಸಲ ಭಾಗಿಸಿದರೆ ಉಳಿಯುವುದು 191 ಗ್ರಾಂ. ಅಷ್ಟೇ ಇಟ್ಟರೆ ಉದ್ದನೆಯ ಗಾಡಿ ಎಳೆಯುವಾಗ ಚಕ್ರ ಜಾರುತ್ತದೆ. ಆದ್ದರಿಂದ ತಯಾರಕರು ಒಳಗೆ ಲೋಹ ತುಂಬಿ ಭಾರ ಹೆಚ್ಚಿಸುತ್ತಾರೆ.

“ಡೀಸೆಲ್ ಇಂಜಿನ್ನು ಅಂತೀರಿ, ಓಡೋದು ಕರೆಂಟಿನಲ್ಲಿ” ಎಂದು ನಗುವವರಿದ್ದಾರೆ. ನಿಜವಾದ್ದೂ ಓಡುವುದು ಕರೆಂಟಿನಲ್ಲೇ! ಡೀಸೆಲ್ ಸುಟ್ಟು ಆಲ್ಟರ್ನೇಟರ್ ತಿರುಗಿಸಿ, ಆ ವಿದ್ಯುತ್ತಿನಿಂದ ಆಕ್ಸಲಿಗೊಂದರಂತೆ ಆರು ಮೋಟಾರು ನಡೆಸುತ್ತದೆ. ಮಾದರಿಗೆ ಕರೆಂಟು ಹಳಿಯಿಂದ ಬರುತ್ತದೆ. ಸಾಮಾನ್ಯವಾಗಿ ಹೊಟ್ಟೆಯಲ್ಲಿ ಒಂದೇ ಮೋಟಾರು, ಅಲ್ಲಿಂದ ಎರಡೂ ಕಡೆಗೆ ಹಲ್ಲುಚಕ್ರ.

ಕ್ಷಮಿಸಬಾರದ್ದು ಸೋಮಾರಿತನವನ್ನು. ಪಕ್ಕದ ಹಿಡಿಕಂಬಿ ತೆಳು ತಂತಿಯದೋ ಮೈಗಂಟಿದ ದಪ್ಪ ಪ್ಲಾಸ್ಟಿಕ್ಕೋ? ರೇಡಿಯೇಟರ್ ಜಾಲರಿಯೊಳಗೆ ಕಣ್ಣು ಹಾಯುತ್ತದೋ, ಬರೀ ಕಪ್ಪು ಗೆರೆಯೋ? ಅಮೆರಿಕದ ಇಂಜಿನ್ನಿಗೆ ನಮ್ಮ ಬಣ್ಣ ಬಳಿದಿದ್ದರೆ ಹಿಡಿಯುವುದು ಸುಲಭ: ಮುಂಭಾಗದ ಎರಡು ಬದಿಯ ಬಫರು ಇದೆಯೇ ನೋಡಿ. ಡಬ್ಲ್ಯೂಡಿಜಿ-4ಗೆ ಅವಿರುತ್ತವೆ, ಅಮೆರಿಕದ ನೆಂಟನಿಗೆ ಇಲ್ಲ.

ಕಡೆಗೆ ಕೊಳೆ. ಹೊಳೆಯುವ ಇಂಜಿನ್ನು ಪೆಟ್ಟಿಗೆಯಲ್ಲಿ ಚೆಂದ. ಅದಿರು ಸಾಗುವ ಹೊಸಪೇಟೆ ಸೀಮೆಯದಕ್ಕೆ ಕೆಂಧೂಳು ಬೇಕು. ಕೆಳಗೆ ಹೆಚ್ಚು, ಮೇಲೆ ಕಮ್ಮಿ, ಹೊಗೆಗೊಳವೆಯ ಸುತ್ತ ಮಸಿ. ಎಲ್ಲೆಡೆ ಒಂದೇ ಸಮ ಬಳಿದವನಿಗಿಂತ, ವೈಪರ್ ಆಡುವಷ್ಟು ಗಾಜು ಬಿಟ್ಟು ಉಳಿದದ್ದಕ್ಕೆ ಧೂಳು ಹಚ್ಚಿದವನಿಗೆ ಎರಡು ಅಂಕ ಹೆಚ್ಚು ಕೊಡಿ.