ಚೆರ್ರಿ ಗಿಡವೂ ಉಯಿಲೂ

ಸುಳ್ಳು ಹೇಳಲಾರೆನೆಂದ ಬಾಲಕನ ಕಥೆಯೇ ಸುಳ್ಳು! ಜಾರ್ಜ್ ವಾಷಿಂಗ್ಟನ್ನನು 1799ರಲ್ಲಿ ತೀರಿಕೊಂಡ ಮರುವರ್ಷವೇ ಮೇಸನ್ ವೀಮ್ಸ್ ಎಂಬ ಪಾದ್ರಿ ಅವನ ಜೀವನಚರಿತ್ರೆಯನ್ನು ಬರೆದ. ಕೊಡಲಿಯೇಟು ತಿಂದ ಚೆರ್ರಿ ಗಿಡ ಅದರಲ್ಲಿ ಚಿಗುರಿದ್ದು 1806ರ ಆವೃತ್ತಿಯಲ್ಲಿ. ಅದಕ್ಕೆ ಬೇರೆ ಆಧಾರವಿಲ್ಲ.

ಭಕ್ತಿಯ ಬರವಣಿಗೆಯ ದೋಷವೇ ಇದು: ಇಲ್ಲದ ಗುಣವನ್ನು ಕಟ್ಟುವ ಭರದಲ್ಲಿ ಇದ್ದ ಗುಣವನ್ನು ಮರೆಸುತ್ತದೆ. ಯುದ್ಧ ಗೆದ್ದ ಈ ಸೇನಾನಿ 1783ರ ಡಿಸೆಂಬರ್ 23ರಂದು ಅನ್ನಾಪೊಲಿಸ್ಸಿನಲ್ಲಿ ತನ್ನ ಅಧಿಕಾರಪತ್ರವನ್ನು ಕಾಂಗ್ರೆಸ್ಸಿಗೆ ಹಿಂದಿರುಗಿಸಿದ. ಅಧ್ಯಕ್ಷನಾಗಿ ಎರಡು ಅವಧಿ ಮುಗಿಸಿ 1797ರಲ್ಲಿ ಮನೆಗೆ ನಡೆದ. ಇಂಥ ತ್ಯಾಗಕ್ಕೆ ಕಟ್ಟುಕಥೆಯ ಒಗ್ಗರಣೆ ಬೇಕೆ?

ಅದೇ ಭಕ್ತಿ ಕಳಂಕವನ್ನೂ ಮುಚ್ಚಿತು. 1799ರಲ್ಲಿ ಅವನ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಮಂದಿ ಗುಲಾಮರಿದ್ದರು. 1796ರಲ್ಲಿ ತಪ್ಪಿಸಿಕೊಂಡು ಹೋದ ಓನಾ ಜಡ್ಜ್ ಎಂಬ ತರುಣಿಯನ್ನು ಮರಳಿ ಹಿಡಿತರಿಸಲು ಅಧ್ಯಕ್ಷನೇ ಯತ್ನಿಸಿದ. ತನಗೆ ಸೇರಿದ 123 ಮಂದಿಗೆ ಹೆಂಡತಿಯ ಕಾಲಾನಂತರ ಬಿಡುಗಡೆಯೆಂದು ಉಯಿಲಿನಲ್ಲಿ ಬರೆದ; ಉಳಿದವರಲ್ಲಿ ಬಹುಮಂದಿ ಆಕೆಯ ಮೊದಲ ಗಂಡನ ಆಸ್ತಿಗೆ ಸೇರಿದವರು, ಅವರಿಗೆ ಬಿಡುಗಡೆಯಿಲ್ಲ.

ಅವನ ನಿಜವಾದ ನೀತಿಕಥೆ ಈ ಉಯಿಲಿನಲ್ಲಿದೆ. ಬದುಕಿರುವವರೆಗೂ ಅನ್ಯಾಯದ ಫಲವನ್ನುಂಡು, ಕೊನೆಗೆ ಅದನ್ನು ಅರ್ಧ ತಿದ್ದಹೊರಟ ಮನುಷ್ಯನ ಕಥೆ ಅದು. ಮಕ್ಕಳಿಗೆ ಚೆರ್ರಿ ಗಿಡ ಸಾಕೆನ್ನಿಸಬಹುದು. ದೊಡ್ಡವರು ಓದಬೇಕಾದದ್ದು ಉಯಿಲನ್ನು.