ಸ್ಕ್ರೂಜನೇ ಹಾಸ್ಯಗಾರನಾದಾಗ: ರಾಲಿಯ ಒಂದು ಕ್ರಿಸ್‌ಮಸ್ ನಾಟಕ

ರಾಲಿಯ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಹಲವರು ಡಿಸೆಂಬರ್‌ನಲ್ಲಿ ಒಮ್ಮೆಯಾದರೂ ‘ಎ ಕ್ರಿಸ್‌ಮಸ್ ಕ್ಯಾರಲ್’ ನೋಡಿರುತ್ತಾರೆ. ‘ಥಿಯೇಟರ್ ಇನ್ ದಿ ಪಾರ್ಕ್’ ಎಂಬ ಇಲ್ಲಿನ ಸಮುದಾಯ ರಂಗತಂಡ 1974ರಲ್ಲಿ ಶುರುಮಾಡಿದ ಸಂಗೀತ ಹಾಸ್ಯ ನಾಟಕವಿದು. ಇರಾ ಡೇವಿಡ್ ವುಡ್ ಅವರು ಡಿಕನ್ಸನ ಕಥೆಯನ್ನು ರಂಗಕ್ಕೆ ಅಳವಡಿಸಿ, ಜಿಪುಣ ಸ್ಕ್ರೂಜನ ಪಾತ್ರವನ್ನೂ ತಾವೇ ವಹಿಸಿದರು. ಎಪ್ಪತ್ತು ದಾಟಿದ ಮೇಲೂ ಆ ವೇಷ ಬಿಡಲಿಲ್ಲ.

ನಾನು ಈ ಊರಿಗೆ ಬಂದ ಹೊಸತರಲ್ಲಿ, ಜೊತೆಗೆ ಕೆಲಸ ಮಾಡುತ್ತಿದ್ದ ನರ್ಸ್ ಒಬ್ಬರು ಟಿಕೆಟ್ ಕೊಟ್ಟು ಕಳಿಸಿದ್ದರು. ಕಥೆ ಗೊತ್ತಿತ್ತು, ನಗು ಗೊತ್ತಾಗಲಿಲ್ಲ. ಆ ವರ್ಷದ ರಾಜಕಾರಣಿಗಳು, ಟಿವಿ ಜಾಹೀರಾತುಗಳು, ಊರಿನ ಸುದ್ದಿ ಎಲ್ಲವೂ ಹತ್ತೊಂಬತ್ತನೇ ಶತಮಾನದ ಲಂಡನ್ನಿನೊಳಗೆ ನುಗ್ಗುತ್ತಿದ್ದವು. ಅಕ್ಕಪಕ್ಕದವರು ನಕ್ಕು ಮುಗಿಸಿದ ಮೇಲೆ ನಾನು ನಗುತ್ತಿದ್ದೆ. ಯಾವ ವರ್ಷ ಅವರ ಜೊತೆಗೇ ನಕ್ಕೆನೋ ಆ ವರ್ಷ ನಾನು ಈ ಊರಿನವನಾದೆ ಎಂದುಕೊಂಡಿದ್ದೇನೆ.

ವರ್ಷ ವರ್ಷ ಮಾತು ಬದಲಾಗುವ ಈ ಪದ್ಧತಿ ನಮಗೇನೂ ಹೊಸದಲ್ಲ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳು ಹಾಗೆಯೇ ಇರುತ್ತವೆ, ಅರ್ಥ ಆ ರಾತ್ರಿಯದು. ಹಾಸ್ಯಗಾರ ಮೇಳ ಇಳಿದ ಊರಿನ ಸುದ್ದಿಯನ್ನೂ ಎಳೆದು ತರುತ್ತಾನೆ. ಒಂದೇ ನಾಟಕ ಇಷ್ಟು ವರ್ಷ ಬದುಕಿರುವುದಕ್ಕೆ ಈ ಸಡಿಲತನವೇ ಕಾರಣವೆಂದು ನನ್ನ ಊಹೆ. ನಮ್ಮ ಸಂಘದಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ಹೊಸ ನಾಟಕ ಹುಡುಕಿ ಪರದಾಡುತ್ತೇವೆ. ಒಂದನ್ನೇ ಹತ್ತು ವರ್ಷ ಆಡುವ ಧೈರ್ಯ ನಮಗೆ ಬಂದಿಲ್ಲ.

ಆದರೆ ಒಂದು ವ್ಯತ್ಯಾಸವಿದೆ, ನನ್ನ ತಕರಾರೂ ಅಲ್ಲಿಯೇ. ಯಕ್ಷಗಾನದಲ್ಲಿ ಹಾಸ್ಯಗಾರ ಬೇರೆ, ಕೌರವ ಬೇರೆ. ಅಭಿಮನ್ಯು ಚಕ್ರವ್ಯೂಹ ಹೊಕ್ಕ ಮೇಲೆ ಹಾಸ್ಯಗಾರನಿಗೆ ಅಲ್ಲಿ ಕೆಲಸವಿಲ್ಲ. ಇಲ್ಲಿ ಸ್ಕ್ರೂಜನೇ ಹಾಸ್ಯಗಾರ. ಮೊದಲ ದೃಶ್ಯದಿಂದಲೇ ಅವನು ನಮ್ಮನ್ನು ನಗಿಸಿ ಒಲಿಸಿಕೊಳ್ಳುತ್ತಾನೆ. ಇಷ್ಟವಾಗಿಬಿಟ್ಟವನು ಕೊನೆಗೆ ಒಳ್ಳೆಯವನಾದರೆ ಹೆಚ್ಚೇನು ಬದಲಾದ ಹಾಗಾಯಿತು?

ಡಿಕನ್ಸನ ಸ್ಕ್ರೂಜ್ ಇಷ್ಟವಾಗುವ ಮನುಷ್ಯನಲ್ಲ. 1843ರಲ್ಲಿ ಬಾಲಕಾರ್ಮಿಕರ ಬಗೆಗಿನ ಸರ್ಕಾರಿ ವರದಿ ಓದಿ ಕಳವಳಗೊಂಡ ಡಿಕನ್ಸ್ ಒಂದು ಕರಪತ್ರ ಬರೆಯಲು ಹೊರಟಿದ್ದ; ಅದನ್ನು ಬಿಟ್ಟು ಅದೇ ಡಿಸೆಂಬರ್‌ನಲ್ಲಿ ಈ ಕಥೆ ಪ್ರಕಟಿಸಿದ. ಕಥೆಯಲ್ಲಿ ಗುಮಾಸ್ತ ಬಾಬ್ ಕ್ರ್ಯಾಚಿಟ್‌ಗೆ ವಾರಕ್ಕೆ 15 ಶಿಲಿಂಗ್ ಸಂಬಳ, ಆರು ಮಕ್ಕಳು. ಕಿರಿಯವನಾದ ಟಿಮ್ ಊರುಗೋಲು ಹಿಡಿದು ನಡೆಯುತ್ತಾನೆ. ಕಾಯಿಲೆಯ ಹೆಸರನ್ನು ಡಿಕನ್ಸ್ ಹೇಳಿಲ್ಲ. ನಮ್ಮ ವೈದ್ಯರು ಸುಮ್ಮನಿರುತ್ತಾರೆಯೇ? ಮೂತ್ರಪಿಂಡದ ದೋಷವೆಂದು 1992ರಲ್ಲಿ ಒಬ್ಬರು, ರಿಕೆಟ್ಸ್ ಮತ್ತು ಕ್ಷಯ ಎಂದು 2012ರಲ್ಲಿ ಇನ್ನೊಬ್ಬರು ಪತ್ರಿಕೆಗಳಲ್ಲಿ ವಾದಿಸಿದರು. ಚಿಕಿತ್ಸೆ ಯಾವುದೆಂಬುದು ಮಾತ್ರ ಕಥೆಯಲ್ಲೇ ಇದೆ: ಯಜಮಾನ ಸಂಬಳ ಏರಿಸುತ್ತಾನೆ, ಹುಡುಗ ಬದುಕುತ್ತಾನೆ. ರಂಗದ ಮೇಲಿನ ಹಾಡು, ಹಿಮ, ಚಪ್ಪಾಳೆಗಳ ನಡುವೆ ಈ ಸಂಬಳದ ಮಾತು ನನ್ನ ಕಿವಿಗೆ ಪ್ರತಿ ಸಲವೂ ತೆಳುವಾಗಿಯೇ ಬಿದ್ದಿದೆ.

ಇದನ್ನು ಎತ್ತಿ ಆಡಲು ನನಗೇನು ಹಕ್ಕು ಎಂದರೆ, ನಾನೂ ಅದನ್ನು ಕೇಳಿಸಿಕೊಳ್ಳದವನೇ. ಮಕ್ಕಳ ವೈದ್ಯನಾಗಿದ್ದಾಗ ಉಬ್ಬಸದ ಹುಡುಗನೊಬ್ಬನ ಚಾರ್ಟಿನಲ್ಲಿ ‘ತಾಯಿ ಸಲಹೆ ಪಾಲಿಸುತ್ತಿಲ್ಲ’ ಎಂದು ಎರಡು ಸಲ ಬರೆದಿದ್ದೆ. ಇನ್ಹೇಲರ್ ಕೊಳ್ಳಲು ಆಕೆಯ ಬಳಿ ದುಡ್ಡಿರಲಿಲ್ಲವೆಂದು ತಿಳಿದದ್ದು ಮೂರನೇ ಭೇಟಿಯಲ್ಲಿ, ಅದೂ ನರ್ಸ್ ಹೇಳಿದ ಮೇಲೆ.

ಇಷ್ಟಾದರೂ ನಾಟಕಕ್ಕೆ ಹೋಗುವುದನ್ನು ಬಿಟ್ಟಿಲ್ಲ. ವುಡ್ ಈ ವೇಷ ಮೊದಲು ಕಟ್ಟಿದಾಗ ಅವರಿಗೆ ಇಪ್ಪತ್ತೇಳು ವರ್ಷ. ಮುದುಕನಾಗಲು ಬಣ್ಣ ಬೇಕಿತ್ತು. 2010ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಮಗ ಅದೇ ಪಾತ್ರಕ್ಕೆ ನಿಂತರು. ತಂದೆ ಮರಳಿ ಬಂದ ಮೇಲೆ ಅದೇ ಕುಣಿತ, ಅದೇ ಚೇಷ್ಟೆ. ಆದರೆ ಸಮಾಧಿಯ ದೃಶ್ಯದಲ್ಲಿ ನಗಿಸುವವನ ವಯಸ್ಸು ಕಣ್ಣಿಗೆ ಬೀಳುತ್ತಿತ್ತು. ಸ್ಕ್ರಿಪ್ಟ್ ಕೊಡದ ಭಾರವನ್ನು ಅವರ ದೇಹ ಕೊಟ್ಟಿತ್ತು.

ಹಿಂದೊಮ್ಮೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಕಾರಿನಲ್ಲಿ ಕೂತವಳೇ, “ಅಜ್ಜ, ಟಿಮ್‌ಗೆ ಏನಾಗಿತ್ತು?” ಎಂದಳು. ರಿಕೆಟ್ಸ್ ಎನ್ನಲು ಬಾಯಿ ತೆರೆದವನು, ಮನೆ ಮುಟ್ಟುವ ತನಕ ಹದಿನೈದು ಶಿಲಿಂಗಿನಲ್ಲಿ ಎಂಟು ಜನ ಉಣ್ಣುವ ಲೆಕ್ಕ ಹೇಳಿದೆ.